ಐಕಾನ್ ಜೋಡಿಸುವ ಮೊದಲು ಸ್ಕ್ರೀನ್ ಸರಿಮಾಡಿಕೊಳ್ಳಿ

ನಿನ್ನೆ ರಾತ್ರಿ ಡೆಸ್ಕ್‌ಟಾಪ್‌ನ ಬಲಗಡೆ ಸಾಲಾಗಿ ಇಟ್ಟಿದ್ದ ಫೈಲುಗಳು ಬೆಳಿಗ್ಗೆ ನೋಡಿದರೆ ಎಡಗಡೆ ಬಂದು ಗುಂಪುಗೂಡಿರುತ್ತವೆ. ಮತ್ತೆ ಒಂದೊಂದನ್ನೇ ಎಳೆದು ಜಾಗಕ್ಕೆ ಕೂರಿಸಬೇಕು. ನಮ್ಮ ಚಿಕ್ಕಮ್ಮ ತಿಂಗಳುಗಟ್ಟಲೆ ಇದನ್ನೇ ಮಾಡುತ್ತಿದ್ದರು. ಲೆಕ್ಕದ ಫೈಲುಗಳು ಮೇಲಿನ ಸಾಲು, ಫೋಟೊ ಫೋಲ್ಡರ್‌ಗಳು ಕೆಳಗಿನ ಸಾಲು. ಪಕ್ಕದಲ್ಲಿ ಕೂತು ನೋಡಿದಾಗ ಗೊತ್ತಾಯಿತು, ಬಹಳ ಜನ ಮಾಡುವ ತಪ್ಪನ್ನೇ ಅವರೂ ಮಾಡುತ್ತಿದ್ದರು. ಮೊದಲು ಐಕಾನ್ ಜೋಡಿಸುವುದು, ಸ್ಕ್ರೀನ್ ಸೆಟ್ಟಿಂಗ್ ಕಡೆ ತಿರುಗಿಯೂ ನೋಡದಿರುವುದು. ಆಗಬೇಕಾದ್ದು ಇದರ ಉಲ್ಟಾ. ಕೆಳಗಿನ ಹಂತಗಳು ವಿಂಡೋಸ್ 10 ಮತ್ತು 11 ಎರಡಕ್ಕೂ ಹೊಂದುತ್ತವೆ.

1. ಆಟೋ ಅರೇಂಜ್ ತೆಗೆಯಿರಿ

ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ‘ವ್ಯೂ’ಗೆ ಹೋಗಿ, ‘ಆಟೋ ಅರೇಂಜ್ ಐಕಾನ್ಸ್’ ಮುಂದಿನ ಟಿಕ್ ತೆಗೆಯಿರಿ. ಅದರ ಕೆಳಗಿನ ‘ಅಲೈನ್ ಐಕಾನ್ಸ್ ಟು ಗ್ರಿಡ್’ ಟಿಕ್ ಹಾಗೇ ಇರಲಿ. ಅದನ್ನೂ ತೆಗೆದರೆ ಸಾಲು ಸೊಟ್ಟಗಾಗಿ ಐಕಾನ್‌ಗಳು ಒಂದರ ಮೇಲೊಂದು ಕೂರುತ್ತವೆ.

ಎಳೆದು ಬಿಟ್ಟ ತಕ್ಷಣ ಐಕಾನ್ ವಾಪಸ್ ಎಡಕ್ಕೆ ಹಾರುತ್ತಿದ್ದರೆ ಇಷ್ಟೇ ಸಾಕು. ಬಿಟ್ಟ ಜಾಗದಲ್ಲಿ ನಿಂತು, ಆಮೇಲೆ ಯಾವಾಗಲೋ ಕದಲುತ್ತಿದ್ದರೆ ಕಾರಣ ಮುಂದಿನ ಹಂತದಲ್ಲಿದೆ.

2. ಸ್ಕ್ರೀನ್‌ನ ಅಳತೆ ಬದಲಾಗದಂತೆ ನೋಡಿಕೊಳ್ಳಿ

ಜನ ಎಡವುವುದೇ ಇಲ್ಲಿ. ಡೆಸ್ಕ್‌ಟಾಪ್ ಅಂದರೆ ಕಣ್ಣಿಗೆ ಕಾಣದ ಚೌಕಗಳ ಹಾಳೆ. ಒಂದೊಂದು ಚೌಕದಲ್ಲಿ ಒಂದೊಂದು ಐಕಾನ್. ಸ್ಕ್ರೀನ್‌ನ ಅಳತೆ (ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು ಚುಕ್ಕೆ ಎಂಬ ಲೆಕ್ಕ) ಕಡಿಮೆಯಾದರೆ ಚೌಕಗಳೂ ಕಡಿಮೆಯಾಗುತ್ತವೆ. ಅಂಚಿನಲ್ಲಿದ್ದ ಐಕಾನ್‌ಗಳಿಗೆ ಜಾಗ ಸಾಲದೆ ವಿಂಡೋಸ್ ಅವನ್ನು ಖಾಲಿ ಇದ್ದ ಕಡೆಗೆ ತಳ್ಳುತ್ತದೆ. ಅಳತೆ ಮೊದಲಿನಂತಾದರೂ ಐಕಾನ್‌ಗಳು ಹಳೆಯ ಜಾಗಕ್ಕೆ ತಾವಾಗಿ ಮರಳುತ್ತವೆ ಎಂದು ನಂಬಿ ಕೂರುವಂತಿಲ್ಲ.

‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಡಿಸ್‌ಪ್ಲೇ’ ತೆರೆಯಿರಿ. ‘ಡಿಸ್‌ಪ್ಲೇ ರೆಸಲ್ಯೂಷನ್’ನಲ್ಲಿ ಪಕ್ಕದಲ್ಲೇ ‘ರೆಕಮೆಂಡೆಡ್’ ಎಂದಿರುವ ಅಳತೆಯನ್ನೇ ಆರಿಸಿ. ಆಮೇಲೆ ‘ಸ್ಕೇಲ್’ ನೋಡಿ. ಅಕ್ಷರ ದೊಡ್ಡದಾಗಲಿ ಎಂದು ಇದನ್ನು ಆಗಾಗ ಬದಲಿಸುವವರು ಜಾಸ್ತಿ. 1920 × 1080 ಸ್ಕ್ರೀನ್‌ನಲ್ಲಿ ಸ್ಕೇಲನ್ನು ಶೇ 150ಕ್ಕೆ ಏರಿಸಿದರೆ ಐಕಾನ್‌ಗಳಿಗೆ ಉಳಿಯುವುದು 1280 × 720ರಷ್ಟೇ ಜಾಗ. ಕಣ್ಣಿಗೆ ಹಿತವಾದ ಒಂದು ಸ್ಕೇಲ್ ಆರಿಸಿ, ಮತ್ತೆ ಮುಟ್ಟಬೇಡಿ.

ಲ್ಯಾಪ್‌ಟಾಪ್‌ಗೆ ಇನ್ನೊಂದು ಮಾನಿಟರ್ ಅಥವಾ ಪ್ರೊಜೆಕ್ಟರ್ ಜೋಡಿಸುವವರಿಗೆ ತೊಂದರೆ ಇನ್ನೂ ಹೆಚ್ಚು. ವಿಂಡೋಸ್ ಕೀ ಜೊತೆ ಪಿ ಒತ್ತಿ, ‘ಡೂಪ್ಲಿಕೇಟ್’ ಬದಲು ‘ಎಕ್ಸ್‌ಟೆಂಡ್’ ಆರಿಸಿ. ಡೂಪ್ಲಿಕೇಟ್‌ನಲ್ಲಿ ಎರಡೂ ಸ್ಕ್ರೀನ್‌ಗೆ ಒಂದೇ ಅಳತೆ ಬೇಕು. ಪ್ರೊಜೆಕ್ಟರ್ ಹಳೆಯದಾಗಿದ್ದರೆ ಲ್ಯಾಪ್‌ಟಾಪ್ ಕೂಡ ಅದರ ಮಟ್ಟಕ್ಕೆ ಇಳಿಯುತ್ತದೆ. ಎಕ್ಸ್‌ಟೆಂಡ್ ಮಾಡಿದ ಮೇಲೆ ಡಿಸ್‌ಪ್ಲೇ ಪುಟದಲ್ಲಿ ಲ್ಯಾಪ್‌ಟಾಪ್ ಸ್ಕ್ರೀನ್ ಮೇಲೆ ಕ್ಲಿಕ್ ಮಾಡಿ, ‘ಮೇಕ್ ದಿಸ್ ಮೈ ಮೇನ್ ಡಿಸ್‌ಪ್ಲೇ’ಗೆ ಟಿಕ್ ಹಾಕಿ. ಐಕಾನ್‌ಗಳನ್ನೆಲ್ಲ ಈ ಸ್ಕ್ರೀನ್ ಮೇಲೇ ಇಡಿ. ದೊಡ್ಡ ಮಾನಿಟರ್ ಮೇಲೆ ಇಡುವ ಆಸೆಯಾಗುತ್ತದೆ, ಅಲ್ವಾ? ಬೇಡ. ಕೇಬಲ್ ತೆಗೆದ ಕ್ಷಣ ಅಲ್ಲಿದ್ದದ್ದೆಲ್ಲ ಇಲ್ಲಿಗೆ ಬಂದು ಬೀಳುತ್ತದೆ.

ಚಿಕ್ಕಮ್ಮನ ಮನೆಯಲ್ಲಿ ಆಗಿದ್ದೂ ಇಂಥದ್ದೇ. ಅವರ ಮಾನಿಟರ್ ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿತ್ತು. ರಾತ್ರಿ ಅವರು ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಮಾನಿಟರ್ ಬಟನ್ ಮಾತ್ರ ಒತ್ತಿ ಮಲಗುತ್ತಿದ್ದರು. ನಾನು ಲ್ಯಾಪ್‌ಟಾಪ್ ಕಡೆ ಕಣ್ಣಿಟ್ಟು, ‘ಈಗ ಬಟನ್ ಒತ್ತಿ ಚಿಕ್ಕಮ್ಮಾ’ ಎಂದೆ. ಮಾನಿಟರ್ ಕಪ್ಪಾಯಿತು, ಲ್ಯಾಪ್‌ಟಾಪ್ ಸ್ಕ್ರೀನ್ ಒಮ್ಮೆ ಮಿನುಗಿತು, ಐಕಾನ್‌ಗಳೆಲ್ಲ ಎಡಗಡೆಗೆ ಸೇರಿಕೊಂಡವು. ಈ ಬಗೆಯ ಕೇಬಲ್‌ನಲ್ಲಿ ಮಾನಿಟರ್ ಆಫ್ ಮಾಡಿದರೆ ಕೇಬಲ್ಲೇ ಕಿತ್ತಂತೆ ಎಂದು ಕಂಪ್ಯೂಟರ್ ಎಷ್ಟೋ ಸಲ ತಿಳಿದುಕೊಳ್ಳುತ್ತದೆ. ಕೆಲವು ಮಾನಿಟರ್‌ಗಳ ಸ್ವಂತ ಮೆನುವಿನಲ್ಲಿ ‘ಡೀಪ್ ಸ್ಲೀಪ್’ ಎಂಬ ಆಯ್ಕೆ ಇರುತ್ತದೆ, ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿ.

ಗೇಮ್ ಆಡುವವರಿಗೆ ಒಂದು ಮಾತು: ಫುಲ್ ಸ್ಕ್ರೀನ್ ಗೇಮ್ ತನಗೆ ಬೇಕಾದಂತೆ ರೆಸಲ್ಯೂಷನ್ ಇಳಿಸಿದಾಗಲೂ ಹೀಗೇ ಆಗುತ್ತದೆ. ಗೇಮ್‌ನ ಸೆಟ್ಟಿಂಗ್‌ನಲ್ಲಿ ಡೆಸ್ಕ್‌ಟಾಪ್‌ನ ಅಳತೆಯನ್ನೇ ಕೊಡಿ.

ಇಷ್ಟಾಗುವವರೆಗೆ ಐಕಾನ್ ಜೋಡಿಸುವ ಕೆಲಸಕ್ಕೆ ಕೈ ಹಾಕಬೇಡಿ.

3. ಈಗ ಜೋಡಿಸಿ

ಎಳೆದು ಬೇಕಾದ ಕಡೆ ಇಡಿ. ‘ಸಾರ್ಟ್ ಬೈ’ ಮುಟ್ಟಬೇಡಿ, ಒಂದೇ ಕ್ಲಿಕ್‌ಗೆ ನಿಮ್ಮ ಜೋಡಣೆ ಹೋಗಿಬಿಡುತ್ತದೆ. ಕಂಟ್ರೋಲ್ ಕೀ ಹಿಡಿದು ಮೌಸ್‌ನ ಚಕ್ರ ತಿರುಗಿಸಿದರೆ ಐಕಾನ್ ಗಾತ್ರ ಬದಲಾಗುತ್ತದೆ, ಆಗಲೂ ಸಾಲು ಕೆಡುತ್ತದೆ. ಗೊತ್ತಿಲ್ಲದೆ ಹೀಗೆ ಮಾಡಿಕೊಂಡವರನ್ನು ಬಹಳ ಸಲ ನೋಡಿದ್ದೇನೆ.

ಜೋಡಿಸಿದ ಮೇಲೆ ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ ಎಫ್5 ಒತ್ತಿ. ಆಮೇಲೆ ಸ್ಟಾರ್ಟ್ ಮೆನುವಿನಿಂದಲೇ ರೀಸ್ಟಾರ್ಟ್ ಮಾಡಿ. ಐಕಾನ್‌ಗಳ ಜಾಗವನ್ನು ವಿಂಡೋಸ್ ರಿಜಿಸ್ಟ್ರಿಯಲ್ಲಿ, ಅಂದರೆ ತನ್ನ ಸೆಟ್ಟಿಂಗ್‌ಗಳ ದಾಖಲೆಯಲ್ಲಿ, ಬರೆದಿಟ್ಟುಕೊಳ್ಳುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೆ ಆ ಬರಹ ಉಳಿಯದೆ ಹೋಗಬಹುದು.

ಇಲ್ಲಿ ಎರಡು ಎಚ್ಚರಿಕೆ. ಐಕಾನ್ ಕ್ಯಾಶ್ ಫೈಲ್ ಅಳಿಸಿ ಎಂದು ಯಾರಾದರೂ ಹೇಳಿದರೆ ಸುಮ್ನೆ ಸಮಯ ಹಾಳು ಮಾಡಬೇಡಿ. ಅದರಲ್ಲಿ ಇರುವುದು ಐಕಾನ್‌ಗಳ ಚಿತ್ರ, ಜಾಗ ಅಲ್ಲ. ಎರಡನೆಯದು, ಪಿಸಿ ಕ್ಲೀನರ್, ರಿಜಿಸ್ಟ್ರಿ ಕ್ಲೀನರ್ ಎಂದು ಬರುವ ಸಾಫ್ಟ್‌ವೇರ್‌ಗಳನ್ನು ಇದಕ್ಕಾಗಿ ಹಾಕಿಕೊಳ್ಳಲೇಬೇಡಿ. ಸ್ಕ್ರೀನ್ ಅಳತೆಯ ತೊಂದರೆ ಅವುಗಳಿಂದ ಸರಿಹೋಗುವುದಿಲ್ಲ.

4. ಒಂದು ಪ್ರತಿ ಇಟ್ಟುಕೊಳ್ಳಿ

ಸ್ಕ್ರೀನ್ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಅಪ್‌ಡೇಟ್ ಆದಾಗ, ದುರಸ್ತಿಗೆಂದು ಸೇಫ್ ಮೋಡ್‌ಗೆ ಹೋದಾಗ ಅಳತೆ ಕೆಲಕಾಲ ಇಳಿಯಬಹುದು, ಅದನ್ನು ತಡೆಯಲಾಗದು. ಅದಕ್ಕೇ ‘ಡೆಸ್ಕ್‌ಟಾಪ್‌ಓಕೆ’ ಎಂಬ ಚಿಕ್ಕ ಸಾಫ್ಟ್‌ವೇರ್ ಇಟ್ಟುಕೊಳ್ಳಿ ಎನ್ನುತ್ತೇನೆ. ಉಚಿತ, ಇನ್‌ಸ್ಟಾಲ್ ಮಾಡದೆಯೂ ನಡೆಯುತ್ತದೆ. ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ‘ಸೇವ್’ ಒತ್ತಿದರೆ ಈಗಿನ ಜೋಡಣೆ ಪಟ್ಟಿಯಲ್ಲಿ ಸೇರುತ್ತದೆ. ಮುಂದೆ ಐಕಾನ್‌ಗಳು ಚದುರಿದರೆ ಮೊದಲು ರೆಸಲ್ಯೂಷನ್ ಮತ್ತು ಸ್ಕೇಲ್ ಹಳೆಯದೇ ಇದೆಯೇ ನೋಡಿ, ಆಮೇಲೆ ಪಟ್ಟಿಯಲ್ಲಿ ಅದೇ ಸಾಲನ್ನು ಆರಿಸಿ ‘ರೀಸ್ಟೋರ್’ ಒತ್ತಿ.