ಬ್ಲೋವರ್ ಮೋಟಾರ್ ಬದಲಿಸುವ ಮೊದಲು ಹೆಡ್‌ಲೈಟ್ ಬಲ್ಬ್ ಹಚ್ಚಿ ನೋಡಿ

ಬ್ಲೋವರ್ ಅಂದರೆ ಕಾರಿನೊಳಗೆ ಗಾಳಿ ಊದುವ ಫ್ಯಾನ್. ಅದರ ರಿಪೇರಿಗೆ ಹೆಡ್‌ಲೈಟ್ ಬಲ್ಬ್ ಯಾಕೆ ಅಂತ ನಕ್ಕವರೇ ಜಾಸ್ತಿ. ಈ ಮಳೆಗಾಲದಲ್ಲಿ ಆ ನಗು ನಿಂತಿತು.

ಗಾಡಿ ಮೂಡಿಗೆರೆ ಕಡೆಯ ತೋಟದವರದ್ದು, ಹಳೆಯ ಹ್ಯಾಚ್‌ಬ್ಯಾಕ್. ಚಾರ್ಮಾಡಿ ಘಾಟಿಯಲ್ಲಿ ಮಳೆ ಹಿಡಿದರೆ ಗಾಜಿಗೆ ಮಂಜು ಕಟ್ಟುತ್ತಿತ್ತು. ಬ್ಲೋವರ್ ನಾಲ್ಕರಲ್ಲಿ, ಅಂದರೆ ಟಾಪ್ ಸ್ಪೀಡ್‌ನಲ್ಲಿ, ಇಟ್ಟರೂ ಗಾಳಿ ಸಾಲದು. ಗುಂಡಿಗೆ ಇಳಿದಾಗ ಪೂರ್ತಿ ನಿಲ್ಲುತ್ತಿತ್ತು. ಡ್ಯಾಶ್‌ಬೋರ್ಡ್ ಕೆಳಗೆ ಗುದ್ದಿದರೆ ಮತ್ತೆ ಶುರು. ಗುದ್ದಿದರೆ ತಿರುಗುತ್ತೆ ಅಂದಮೇಲೆ ಎಲ್ಲರೂ ಹೇಳುವುದು ಒಂದೇ: ಮೋಟಾರ್ ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಸವೆದಿದೆ, ಮೋಟಾರ್ ಹಾಕಿಸಿ. ಒಂದು ಕಡೆ ಮೋಟಾರ್ ಹಾಕಿಸಿದರು, ಎರಡೂವರೆ ಸಾವಿರದ ಹತ್ತಿರ. ಇನ್ನೊಂದು ಕಡೆ ರೆಸಿಸ್ಟರ್ (ಸ್ಪೀಡ್ ಕಮ್ಮಿ ಮಾಡುವ ಭಾಗ) ಮತ್ತು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಮಜೂರಿ ಸೇರಿ ಸಾವಿರದ ಮೇಲೆ. ಗಾಳಿ ಮಾತ್ರ ಅಷ್ಟೇ.

ನಾಲ್ಕರಲ್ಲೂ ಗಾಳಿ ಸಾಲದು ಅಂದರೆ ರೆಸಿಸ್ಟರ್ ಮುಟ್ಟುವುದೇ ದಂಡ. ಟಾಪ್ ಸ್ಪೀಡ್‌ನಲ್ಲಿ ಕರೆಂಟ್ ಅದರ ಮೂಲಕ ಹೋಗುವುದೇ ಇಲ್ಲವಲ್ಲ.

ಮೋಟಾರಿನ ಕಪ್ಲರ್ (ವೈರ್ ಸೇರುವ ಪ್ಲಗ್) ಬಿಚ್ಚಿ ಮೀಟರ್ ಇಟ್ಟರೆ 12.4 ವೋಲ್ಟ್. ಸಪ್ಲೈ ಸರಿ ಇದೆ ಅಂತ ಎಲ್ಲರೂ ಮೋಸ ಹೋಗುವುದು ಇಲ್ಲೇ. ಲೋಡ್, ಅಂದರೆ ಕರೆಂಟ್ ಎಳೆಯುವ ವಸ್ತು, ಇಲ್ಲದಾಗ ಒಂದೇ ಎಳೆ ತಂತಿ ಉಳಿದಿದ್ದರೂ ಮೀಟರ್ 12 ತೋರಿಸುತ್ತೆ. ಎಲ್‌ಇಡಿ ಟೆಸ್ಟರ್ ಅಂತೂ ಇನ್ನೂ ಸುಳ್ಳ. ಅದಕ್ಕೆ ಮೋಟಾರ್ ಜಾಗಕ್ಕೆ 60/55 ವ್ಯಾಟ್‌ನ ಹಳೇ ಹೆಡ್‌ಲೈಟ್ ಬಲ್ಬ್ ಕೊಟ್ಟೆ, ಎರಡೂ ಫಿಲಮೆಂಟ್ ಸೇರಿಸಿ. ಸುಮಾರು 9 ಆಂಪ್ ಎಳೆಯುತ್ತೆ. ಸೀಟಿನ ಮೇಲೆ ಇಡಬೇಡಿ, ಸುಟ್ಟು ಹೋಗುತ್ತೆ. ಬಲ್ಬ್ ಹತ್ತಿತು, ಆದರೆ ಕೆಂಪಗೆ, ಮಂಕಾಗಿ. ಮೀಟರ್ 8ರ ಆಸುಪಾಸಿಗೆ ಇಳಿಯಿತು.

ಆಮೇಲೆ ಬಲ್ಬ್ ಹತ್ತಿಸಿಯೇ ಇಟ್ಟು, ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಉದ್ದ ವೈರ್ ಹಾಕಿ. ಇನ್ನೊಂದು ಕಡ್ಡಿ ಹಿಡಿದು ಒಂದೊಂದೇ ಜಾಗ ನೋಡುತ್ತಾ ಬಂದೆ. ಮೀಟರ್ ತೋರಿಸುವಷ್ಟು ವೋಲ್ಟ್ ಅಲ್ಲಿಯವರೆಗಿನ ದಾರಿಯಲ್ಲಿ ಕಳೆದುಹೋಗಿದೆ ಅಂತ ಅರ್ಥ. ಫ್ಯೂಸ್ ದಾಟಿದ ಮೇಲೂ 0.2 ವೋಲ್ಟ್ ಅಷ್ಟೇ. ರಿಲೇ ದಾಟಿದ ಕೂಡಲೇ 4! ರಿಲೇ ಹೊಸದು. ಹಾರ್ನ್ ರಿಲೇ ತಂದು ಚುಚ್ಚಿದರೂ ಅದೇ ಕತೆ. ಸಾಕೆಟ್ ತಿರುಗಿಸಿ ನೋಡಿದರೆ ಒಂದು ಟರ್ಮಿನಲ್ ಕಂದು ತಿರುಗಿ, ಬಾಯಿ ಸಡಿಲ ಬಿಟ್ಟಿತ್ತು, ಸುತ್ತಲಿನ ಪ್ಲಾಸ್ಟಿಕ್ ಕರಗಿತ್ತು. ಆ ಸಾಕೆಟ್ ಇದ್ದದ್ದು ಅವರು ಗುದ್ದುತ್ತಿದ್ದ ಜಾಗದ ಹಿಂದೇ.

ಕರಗಿದ್ದು ಯಾಕೆ? ಬಿಚ್ಚಿ ಬಿಸಾಡಿದ್ದ ಹಳೇ ಮೋಟಾರ್ ತರಿಸಿ ನೇರ ಬ್ಯಾಟರಿಗೆ ಕೊಟ್ಟೆ. ಡಿಸಿ ಕ್ಲಾಂಪ್ ಮೀಟರ್‌ನಲ್ಲಿ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವುದು) 20 ಆಂಪ್ ದಾಟಿತು. ಹೊಸದು 14ರ ಹತ್ತಿರ. ಹಳೆಯದರ ಬುಶ್ (ಶಾಫ್ಟ್ ತಿರುಗುವ ಬಳೆ) ಒಣಗಿ ಬಿಗಿಯಾಗಿತ್ತು, ಕರೆಂಟ್ ಜಾಸ್ತಿ ಎಳೆದು ಸಾಕೆಟ್ ಕಾಯಿಸಿದ್ದು ಅದೇ. ಹಾಗಾಗಿ ಮೋಟಾರ್ ಬದಲಿಸಿದ್ದು ಪೂರ್ತಿ ದಂಡ ಅಲ್ಲ, ಆದರೆ ಅದೊಂದರಿಂದ ರೋಗ ಹೋಗಲ್ಲ.

ಕರಗಿದ ಸಾಕೆಟ್ ಒಡೆಯದೆ ಟರ್ಮಿನಲ್ ಎಳೆಯಲು ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳಲ್ಲ, ಹೊಟ್ಟೆಪಾಡು. ಹೊಸ ಟರ್ಮಿನಲ್, ಒಂದು ಗೇಣು ದಪ್ಪ ವೈರ್, ಸ್ಲೀವ್ ಎಲ್ಲ ಸೇರಿ ನೂರೈವತ್ತೂ ಆಗಲಿಲ್ಲ. ಮಜೂರಿ 600 ತಗೊಂಡೆ. ಕಮ್ಮಿ ಆಯ್ತು ಅಂತ ಈಗಲೂ ಅನ್ನಿಸುತ್ತೆ. ಫ್ಯೂಸ್ ಮೊದಲಿನ ಆಂಪಿಯರ್‌ನದ್ದೇ ಇಟ್ಟೆ. ವೈರ್ ದಪ್ಪ ಮಾಡಿದೆ ಅಂತ ಫ್ಯೂಸ್ ಏರಿಸುವ ಚಾಳಿ ಕೆಲವರಿಗಿದೆ, ಬೇಡ.

ಹಳೇ ಮೋಟಾರ್ ನಾನೇ ಇಟ್ಟುಕೊಂಡೆ. ಬುಶ್‌ಗೆ ಹೊಲಿಗೆ ಮಿಷಿನ್ ಎಣ್ಣೆ ಬಿಟ್ಟರೆ ಆಂಪ್ ಇಳಿಯಿತು. ಕೆಲವು ವಾರದಲ್ಲಿ ಮತ್ತೆ ಕಿರ್ ಅನ್ನತೊಡಗಿತು. ಆ ಮೋಟಾರಿಗೇ ಆನ್‌ಲೈನ್‌ನಲ್ಲಿ ಸಿಗುವ ಪಿಡಬ್ಲ್ಯುಎಂ (ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡುವ) ಸ್ಪೀಡ್ ಕಂಟ್ರೋಲರ್ ಹಾಕಿಯೂ ನೋಡಿದೆ, ರೆಸಿಸ್ಟರ್ ಬಿಸಿಯೇ ಬೇಡ ಅಂತ. ಸ್ಪೀಡ್ ಚೆನ್ನಾಗಿ ಸಿಕ್ಕಿತು, ಆದರೆ ಅಂಗಡಿಯ ಎಫ್‌ಎಂನಲ್ಲಿ ಬರೀ ಗುಂಯ್ ಸದ್ದು. ದೊಡ್ಡ ಕೆಪಾಸಿಟರ್ ಕೊಟ್ಟ ಮೇಲೆ ಅರ್ಧ ಇಳಿದಿದೆ. ಉಳಿದರ್ಧಕ್ಕೆ ಕಾಯಿಲ್ ಸುತ್ತುತ್ತಿದ್ದೇನೆ.