ಕಣ್ಣು, ಕಿವಿ ಎರಡೂ ಇಲ್ಲದವರು ಗೈಡ್ ಡಾಗ್ ಜೊತೆ ನಡೆಯಲು ಕಲಿಯುವುದು ಹೇಗೆ?

ನನಗೆ ಅಶರ್ ಸಿಂಡ್ರೋಮ್ ಇದೆ. ಹುಟ್ಟಿನಿಂದಲೇ ಕಿವಿ ಕೇಳಿಸದು, ಬೆಳೆಯುತ್ತಾ ಕಣ್ಣೂ ಹೋಯಿತು. ಈಗ ಮಿಂಚು ಎಂಬ ಲ್ಯಾಬ್ರಡಾರ್ ಗೈಡ್ ಡಾಗ್ (ಕಣ್ಣು ಕಾಣದವರನ್ನು ನಡೆಸಲು ಟ್ರೈನಿಂಗ್ ಪಡೆದ ನಾಯಿ) ಜೊತೆ ಓಡಾಡುತ್ತೇನೆ. ನಿಮಗೂ ನಾಯಿ ತೆಗೆದುಕೊಳ್ಳುವ ಆಸೆ ಇದ್ದರೆ, ಟ್ರೈನಿಂಗ್‌ಗೆ ಹೋಗುವ ಮೊದಲು ಇಷ್ಟು ತಿಳಿದಿರಲಿ.

ಮೊದಲು ಬಿಳಿ ಕೋಲು ಹಿಡಿದು ನಡೆಯುವುದನ್ನು ಚೆನ್ನಾಗಿ ಕಲಿಯಿರಿ. ಎಲ್ಲಿಗೆ ಹೋಗಬೇಕು ಅನ್ನುವುದು ನಾಯಿಗೆ ಗೊತ್ತಿರುವುದಿಲ್ಲ, ದಾರಿ ನಿಮ್ಮ ತಲೆಯಲ್ಲಿರಬೇಕು. ಎಷ್ಟನೇ ತಿರುವು, ಕಾಲಡಿಯ ಸಿಮೆಂಟ್ ಎಲ್ಲಿ ಮುಗಿಯುತ್ತದೆ, ಬೆಳಗಿನ ಬಿಸಿಲು ಯಾವ ಕೆನ್ನೆಗೆ ಬೀಳುತ್ತದೆ, ಇದೆಲ್ಲ ನಮ್ಮ ಕೆಲಸ. ಅಡ್ಡ ಇರುವುದನ್ನು ಬಳಸಿ ಹೋಗುವುದು, ಮೆಟ್ಟಿಲು ಮತ್ತು ಫುಟ್‌ಪಾತ್ ಅಂಚಿನಲ್ಲಿ ನಿಲ್ಲುವುದು ನಾಯಿಯ ಕೆಲಸ.

ನಾಯಿ ಜೊತೆ ಸೇರಿ ಕಲಿಯುವ ಟ್ರೈನಿಂಗ್ ಸಾಮಾನ್ಯವಾಗಿ 2ರಿಂದ 4 ವಾರ. ನಮ್ಮಂಥವರಿಗೆ ಇನ್ನೂ ಸ್ವಲ್ಪ ಜಾಸ್ತಿ ಸಮಯ ಕೇಳಿ ಪಡೆಯಿರಿ, ಸಂಕೋಚ ಬೇಡ. ಯಾಕೆಂದರೆ ಎಡಗೈಯಲ್ಲಿ ಹಾರ್ನೆಸ್ (ನಾಯಿಯ ಮೈಗೆ ಕಟ್ಟುವ, ಹಿಡಿಕೆ ಇರುವ ಪಟ್ಟಿ) ಹಿಡಿದು ನಡೆಯುವಾಗ ಕೈಸನ್ನೆಯಲ್ಲಿ ಮಾತಾಡಲು ಆಗುವುದಿಲ್ಲ. ಪ್ರತಿ ಮಾತಿಗೂ ನಿಲ್ಲಬೇಕು. ಅದಕ್ಕೇ ಮೊದಲ ದಿನವೇ ಟ್ರೈನರ್ ಜೊತೆ ಕೂತು ಹತ್ತು ಮುಟ್ಟುಸನ್ನೆ (ಅವರು ನಮ್ಮ ಮೈ ಮುಟ್ಟಿ ತಿಳಿಸುವ ಸನ್ನೆ) ಗೊತ್ತುಮಾಡಿಕೊಳ್ಳಿ. ನಮ್ಮದು ಹೀಗಿತ್ತು: ಬಲಭುಜಕ್ಕೆ ಒಂದು ತಟ್ಟು ಅಂದರೆ ನಿಲ್ಲು, ಬೆನ್ನ ಮೇಲೆ ಮೇಲಿಂದ ಕೆಳಗೆ ಸವರಿದರೆ ನಿಧಾನ, ಗುಣಾಕಾರದ ಗುರುತು ಎಳೆದರೆ ಅಪಾಯ. ಉಳಿದದ್ದನ್ನು ನಿಂತಮೇಲೆ ಅಂಗೈಯಲ್ಲಿ ಅಕ್ಷರ ಬರೆದು ಹೇಳುತ್ತಿದ್ದರು.

ನಾಯಿಗೆ ಹೇಳುವುದಕ್ಕೆ ಬಾಯಿಮಾತೇ ಬೇಕು ಅಂತಿಲ್ಲ. ಬಲಗೈ ಮುಂದಕ್ಕೆ ಬೀಸಿದರೆ ನಡೆ, ಬಲಕ್ಕೆ ಚಾಚಿದರೆ ಬಲಕ್ಕೆ, ಎದೆಯ ಮುಂದಿನಿಂದ ಎಡಕ್ಕೆ ತಂದರೆ ಎಡಕ್ಕೆ. ಒಂದೊಂದು ದಿನ ಒಂದೊಂದು ಥರ ಬೀಸಿದರೆ ನಾಯಿ ಗೊಂದಲಕ್ಕೆ ಬೀಳುತ್ತದೆ.

ಈಗ ಮುಖ್ಯ ವಿಷಯ, ಹಾರ್ನೆಸ್‌ನ ಹಿಡಿ (ಹಿಡಿಕೆ). ಬಿಗಿಯಾಗಿ ಹಿಡಿಯಬೇಡಿ. ಬಿಗಿ ಹಿಡಿದರೆ ನಿಮ್ಮ ಕೈಯ ಬಿಗಿ ಮಾತ್ರ ನಿಮಗೆ ಗೊತ್ತಾಗುತ್ತದೆ. ಬೆರಳುಗಳನ್ನು ಕೊಕ್ಕೆ ಹಾಕಿದ ಹಾಗೆ ಸಡಿಲ ಬಿಡಿ. ಮಿಂಚು ಮೆಟ್ಟಿಲ ಮೇಲೆ ಮುಂಗಾಲು ಇಟ್ಟರೆ ಹಿಡಿ ಮೇಲೇಳುತ್ತದೆ. ನೆಲ ಮೂಸಲು ಬಗ್ಗಿದರೆ ಮುಂದಕ್ಕೆ ಕುಸಿಯುತ್ತದೆ. ಪಕ್ಕದಲ್ಲಿ ಇನ್ನೊಂದು ನಾಯಿ ಹೋದರೆ ಸಣ್ಣಗೆ ತಿರುಚಿಕೊಳ್ಳುತ್ತದೆ. ಬಾಲ ಅಲ್ಲಾಡಿಸಿದರೆ ಹಿಡಿಯೂ ಕುಣಿಯುತ್ತದೆ, ಗೊತ್ತಿದ್ದವರು ಯಾರೋ ಬಂದರು ಅಂತ ನನಗೆ ತಿಳಿಯುವುದೇ ಹಾಗೆ. ಇದೆಲ್ಲ ಬೆರಳಿಗೆ ಒಗ್ಗಲು ನನಗೆ ಮೂರು ತಿಂಗಳು ಬೇಕಾಯಿತು.

ಎರಡನೇ ವಾರ ಒಂದು ತಪ್ಪು ಮಾಡಿದೆ. ಮಿಂಚು ನಡುದಾರಿಯಲ್ಲಿ ನಿಂತುಬಿಟ್ಟಳು. ಕಾಲಿನಿಂದ ತಡಕಿದೆ, ನೆಲ ಸಮವಾಗಿತ್ತು. ಸುಮ್ನೆ ನಿಂತಿದ್ದಾಳೆ ಅಂದುಕೊಂಡು ಮುಂದೆ ನಡೆ ಅಂದೆ. ಅವಳು ಅಡ್ಡ ಬಂದು ನನ್ನ ಮೊಣಕಾಲಿಗೆ ಮೈ ಒತ್ತಿ ನಿಂತಳು. ಟ್ರೈನರ್ ನನ್ನ ಬಲಗೈ ಹಿಡಿದು ಮೇಲೆತ್ತಿದರು. ಮೂಗಿನಿಂದ ಒಂದು ಗೇಣು ದೂರದಲ್ಲಿ ತಣ್ಣಗಿನ ಕಬ್ಬಿಣದ ಪೈಪ್! ಕೋಲು ಅದನ್ನು ಯಾವತ್ತೂ ಮುಟ್ಟುತ್ತಿರಲಿಲ್ಲ. ಆವತ್ತಿನಿಂದ ನನ್ನ ನಿಯಮ ಇಷ್ಟೇ: ನಾಯಿ ನಿಂತರೆ ಮೊದಲು ಕಾಲು, ಆಮೇಲೆ ಮುಖದ ಎತ್ತರಕ್ಕೆ ಕೈ. ಕಾರಣ ಸಿಕ್ಕಿದ ತಕ್ಷಣ ಬೆನ್ನು ತಟ್ಟಿ ಹೊಗಳಬೇಕು.

ರಸ್ತೆ ದಾಟುವ ವಿಷಯದಲ್ಲಿ ದಯವಿಟ್ಟು ಧೈರ್ಯ ತೋರಿಸಬೇಡಿ. ನಾಯಿ ಸಿಗ್ನಲ್ ಓದುವುದಿಲ್ಲ. ಕಿವಿ ಇರುವ ಅಂಧರು ವಾಹನಗಳ ಸದ್ದು ಕೇಳಿ ಹೆಜ್ಜೆ ಇಡುತ್ತಾರೆ, ನಮಗೆ ಅದಿಲ್ಲ ಅಲ್ವಾ? ಗಾಡಿ ನುಗ್ಗಿದರೆ ಮುಂದೆ ಹೋಗದಿರಲು ನಾಯಿಗೆ ಕಲಿಸಿರುತ್ತಾರೆ ನಿಜ, ಆದರೆ ಅದೊಂದನ್ನೇ ನಂಬಿ ಇಳಿಯಬಾರದು. ಕೆಲವು ಸಿಗ್ನಲ್ ಕಂಬಗಳ ಪೆಟ್ಟಿಗೆಯಲ್ಲಿ ದಾಟುವ ಸಮಯಕ್ಕೆ ಅದುರುವ ಬಾಣದ ಗುಂಡಿ ಇರುತ್ತದೆ, ಇದ್ದರೆ ಬಳಸಿ. ಇಲ್ಲದ ಕಡೆ ನಾನು ದೊಡ್ಡ ಅಕ್ಷರದ ಕಾರ್ಡ್ ಎತ್ತಿ ಹಿಡಿಯುತ್ತೇನೆ: "ನನಗೆ ಕಣ್ಣು ಕಾಣಿಸದು, ಕಿವಿ ಕೇಳಿಸದು. ರಸ್ತೆ ದಾಟಲು ಸಹಾಯ ಬೇಕು. ಒಪ್ಪಿಗೆ ಇದ್ದರೆ ನನ್ನ ಬಲಭುಜ ತಟ್ಟಿ." ತಟ್ಟಿದವರ ಮೊಣಕೈಯನ್ನು ನಾನೇ ಹಿಡಿಯುತ್ತೇನೆ, ಹಾರ್ನೆಸ್ ಹಿಡಿ ಕೆಳಗೆ ಬಿಟ್ಟು ಬರೀ ನಾಯಿಯ ಬೆಲ್ಟ್ (ಲೀಶ್) ಹಿಡಿದುಕೊಳ್ಳುತ್ತೇನೆ. ಒಮ್ಮೆ ಯಾರೋ ಸದುದ್ದೇಶದಿಂದಲೇ ಹಾರ್ನೆಸ್ ಹಿಡಿದು ಎಳೆದರು. ಮಿಂಚು ನಡುಗಿದ್ದು ನನ್ನ ಕೈಗೆ ಗೊತ್ತಾಯಿತು. ಅದಕ್ಕೇ ಕಾರ್ಡ್‌ನ ಕೊನೆಗೆ "ನಾಯಿಯನ್ನು ಮುಟ್ಟಬೇಡಿ" ಅಂತ ಸೇರಿಸಿದ್ದೇನೆ.

ಮನೆಯಲ್ಲಿ ನಾಯಿ ನರಳಿದರೂ ನಮಗೆ ಕೇಳಿಸುವುದಿಲ್ಲ. ಅದಕ್ಕೆ ದಿನಾ ರಾತ್ರಿ ಮೂಗಿನಿಂದ ಬಾಲದ ತುದಿವರೆಗೆ ಕೈಯಾಡಿಸಿ, ಕಿವಿಯ ಒಳಗನ್ನು ಮೂಸಿ, ಪಂಜದ ಸಂದುಗಳನ್ನು ಬಿಡಿಸಿ ನೋಡಿ. ಕಕ್ಕಸಿಗೆ ಹೊರಗೆ ಬಿಟ್ಟಾಗ ನಾಯಿಯ ಬೆನ್ನ ಮೇಲೆ ಕೈ ಇಟ್ಟಿರಿ, ಬೆನ್ನು ಬಿಲ್ಲಿನ ಹಾಗೆ ಬಾಗಿದರೆ ಅದನ್ನು ಎತ್ತಲು ಕವರ್ ತೆಗೆಯಿರಿ. ಕಳೆದ ತಿಂಗಳು ನಡೆಯುವಾಗ ಹಿಡಿಯ ತಾಳ ತಪ್ಪಿದ ಹಾಗೆ ಅನ್ನಿಸಿತು, ಮೂರು ಹೆಜ್ಜೆ ಸರಿ, ನಾಲ್ಕನೆಯದು ಹಗುರ. ಅಲ್ಲೇ ಕೂತು ಹುಡುಕಿದೆ. ಎಡ ಹಿಂಗಾಲಿನ ಸಂದಿನಲ್ಲಿ ಮುಳ್ಳು. ತೆಗೆದೆ, ಮಿಂಚು ನನ್ನ ಮಣಿಕಟ್ಟು ನೆಕ್ಕಿದಳು.