ನರ್ಸಿಂಗ್ ಹೋಮ್‌ನ ಖರ್ಚು ಹಂಚಿದ ಬಗೆ

ನಾನು ಲೆಕ್ಕ ನೋಡಿಕೊಳ್ಳುವ ನರ್ಸಿಂಗ್ ಹೋಮ್‌ನಲ್ಲಿ ಒಪಿಡಿ, ವಾರ್ಡ್, ಲ್ಯಾಬ್, ಮೆಡಿಕಲ್ ಶಾಪ್ ನಾಲ್ಕೂ ಒಂದೇ ಕಟ್ಟಡದಲ್ಲಿವೆ. ಬಾಡಿಗೆ ಒಂದೇ, ಕರೆಂಟ್ ಬಿಲ್ ಒಂದೇ. ಲ್ಯಾಬ್‌ನಿಂದ ನಿಜವಾಗಿ ಏನು ಉಳಿಯುತ್ತದೆ ಎಂದು ಡಾಕ್ಟರ್ ಕೇಳಿದಾಗಲೇ ಈ ಹಂಚಿಕೆ ಶುರುವಾಗಿದ್ದು.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಇದು ಸುಲಭದ ಕೆಲಸ. ಎಫ್11ರಲ್ಲಿ ಕಾಸ್ಟ್ ಸೆಂಟರ್, ಅಂದರೆ ಯಾರ ಖರ್ಚು ಎಷ್ಟು ಎಂದು ಬೇರೆಬೇರೆಯಾಗಿ ತೋರಿಸುವ ಖಾನೆ, ಆನ್ ಮಾಡಿ, ವಿಭಾಗಕ್ಕೊಂದರಂತೆ ನಾಲ್ಕು ತೆರೆದೆ. ಜೊತೆಗೆ ‘ಸಾಮಾನ್ಯ’ ಅಂತ ಐದನೆಯದು. ಬಿಲ್ ಬಂದಾಗ ಹಂಚಲು ಹೋಗುವುದಿಲ್ಲ, ಪೂರ್ತಿ ಮೊತ್ತ ಸಾಮಾನ್ಯಕ್ಕೇ ಹಾಕುತ್ತೇನೆ. ತಿಂಗಳ ಕೊನೆಗೆ ಎಫ್7 ಒತ್ತಿ ಜರ್ನಲ್, ಅಂದರೆ ದುಡ್ಡು ಕೈ ಬದಲಾಗದ ಹೊಂದಾಣಿಕೆ ಎಂಟ್ರಿ. ಬಾಡಿಗೆ ಲೆಡ್ಜರ್‌ಗೇ ಡೆಬಿಟ್, ಅದಕ್ಕೇ ಕ್ರೆಡಿಟ್. ಡೆಬಿಟ್ ಕಡೆ ನಾಲ್ಕು ವಿಭಾಗ, ಕ್ರೆಡಿಟ್ ಕಡೆ ಸಾಮಾನ್ಯ. ಒಟ್ಟು ಲಾಭ-ನಷ್ಟ ಒಂದು ಪೈಸೆಯೂ ಕದಲುವುದಿಲ್ಲ. ಯಾರಾದರೂ ತಕರಾರು ಮಾಡಿದರೆ ಈ ವೋಚರ್ ತಿದ್ದಿದರೆ ಸಾಕು, ಮೂಲ ಬಿಲ್ ಎಂಟ್ರಿ ಮುಟ್ಟಬೇಕಿಲ್ಲ.

ತಲೆನೋವು ಇರುವುದು ಯಾವ ಅಳತೆಯಲ್ಲಿ ಹಂಚಬೇಕು ಅನ್ನುವುದರಲ್ಲಿ. ಕೆಲವರು ಎಲ್ಲ ಖರ್ಚನ್ನೂ ವ್ಯಾಪಾರದ ಮೇಲೆ ಹಂಚಿಬಿಡುತ್ತಾರೆ. ಚೆನ್ನಾಗಿ ದುಡಿದವರಿಗೆ ಬಾಡಿಗೆ ಜಾಸ್ತಿ ಅಂದಂಗಾಯ್ತು, ಅಲ್ವಾ? ನನಗದು ಒಪ್ಪಿಗೆಯಿಲ್ಲ. ವಿಭಾಗದವರೇ ಎಣಿಸಿ ನೋಡಬಹುದಾದ ಅಳತೆ ಇರಬೇಕು.

ಬಾಡಿಗೆಗೆ ಟೇಪ್ ಹಿಡಿದು ಜಾಗ ಅಳೆಸಿದೆ. ಒಟ್ಟು 4,500 ಚದರಡಿ, ತಿಂಗಳಿಗೆ 90,000 ರೂಪಾಯಿ. ಚದರಡಿಗೆ 20 ಅನ್ನಿಸುತ್ತದೆ. ಆದರೆ ಕಾರಿಡಾರ್, ಮೆಟ್ಟಿಲು, ಟಾಯ್ಲೆಟ್ ಸೇರಿ 900 ಚದರಡಿ ಯಾರದ್ದೂ ಅಲ್ಲ. ಅದನ್ನು ಬಿಟ್ಟು 3,600ರಿಂದ ಭಾಗಿಸಿದರೆ 25. ಮೆಡಿಕಲ್ ಶಾಪ್‌ನ 300 ಚದರಡಿಗೆ 6,000 ಅಲ್ಲ, 7,500.

"ನನ್ನ ಶಟರ್ ರಸ್ತೆಗೇ ತೆರೆಯುತ್ತೆ, ಕಾರಿಡಾರ್‌ನಲ್ಲಿ ನನಗೇನು ಕೆಲಸ ಸಾರ್?" ಎಂದರು ಶಾಪ್ ನೋಡಿಕೊಳ್ಳುವವರು.

"ಡಾಕ್ಟರ್ ಚೀಟಿ ಹಿಡಿದು ಬರೋರು ಯಾವ ಕಡೆಯಿಂದ ಬರ್ತಾರೆ ಹೇಳಿ?" ಎಂದೆ. ನಕ್ಕು ಸುಮ್ಮನಾದರು.

ಕರೆಂಟ್ ಬಿಲ್ ಇನ್ನೂ ನಾಜೂಕು. ಅದರಲ್ಲಿ ಎರಡು ಭಾಗ. ಫಿಕ್ಸೆಡ್ ಚಾರ್ಜ್ ನಾವು ಪಡೆದಿರುವ ಕಿಲೋವ್ಯಾಟ್ ಲೋಡ್‌ಗೆ ಬರುತ್ತದೆ, ಉಳಿದದ್ದು ಸುಟ್ಟ ಯೂನಿಟ್‌ಗೆ. ಮೊದಲನೆಯದನ್ನು ಪ್ರತಿ ವಿಭಾಗದ ಮೆಷಿನ್‌ಗಳ ಲೋಡ್ ನೋಡಿ ಹಂಚುತ್ತೇನೆ, ಎರಡನೆಯದನ್ನು ಸಬ್‌ಮೀಟರ್ ಪ್ರಕಾರ. ರಾತ್ರಿಯಿಡೀ ಓಡುವ ಲ್ಯಾಬ್ ಫ್ರಿಜ್‌ಗಳ ಖರ್ಚು ಹೀಗೆ ಅವರ ಲೆಕ್ಕಕ್ಕೇ ಹೋಗುತ್ತದೆ. ಮೀಟರ್ ರೀಡರ್ ಬಂದ ದಿನವೇ ಸಬ್‌ಮೀಟರ್‌ಗಳ ಫೋಟೋ ತೆಗೆದಿಡಿ, ಇಲ್ಲದಿದ್ದರೆ ಬಿಲ್‌ಗೂ ನಿಮ್ಮ ರೀಡಿಂಗ್‌ಗೂ ತಾಳೆಯಾಗುವುದಿಲ್ಲ. ಆದರೂ ಸಬ್‌ಮೀಟರ್‌ಗಳ ಮೊತ್ತ ಮೇನ್ ಮೀಟರ್‌ಗಿಂತ ಕಡಿಮೆಯೇ ಬರುತ್ತದೆ. ಪಂಪು, ಕಾರಿಡಾರ್ ದೀಪದ ಆ ವ್ಯತ್ಯಾಸವನ್ನು ಜಾಗದ ಅಳತೆಯಲ್ಲೇ ಹಂಚುತ್ತೇನೆ.

ಜಿಎಸ್‌ಟಿಯನ್ನು ಮಾತ್ರ ಇದರ ಜೊತೆ ಬೆರೆಸಬೇಡಿ. ಚಿಕಿತ್ಸೆಗೆ ವಿನಾಯಿತಿ ಇದೆ, ಕೌಂಟರ್‌ನಲ್ಲಿ ಮಾರುವ ಔಷಧಿಗೆ ತೆರಿಗೆ ಇದೆ. ಎರಡಕ್ಕೂ ಬಳಸಿದ ಸೇವೆಯ ಇನ್‌ಪುಟ್ ಕ್ರೆಡಿಟ್‌ನಲ್ಲಿ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ವಿನಾಯಿತಿಯ ಪಾಲನ್ನು ಜಿಎಸ್‌ಟಿ ನಿಯಮ 42ರಂತೆ ವಹಿವಾಟಿನ ಪ್ರಮಾಣದಲ್ಲೇ ಬಿಟ್ಟುಕೊಡಬೇಕು. ಅಲ್ಲಿ ನಮ್ಮ ಟೇಪು, ಸಬ್‌ಮೀಟರ್ ಯಾವುದೂ ನಡೆಯುವುದಿಲ್ಲ.

ಆಡಿಟ್ ಫೀ, ಬ್ಯಾಂಕ್ ಚಾರ್ಜ್ ನಾನು ಹಂಚುವುದೇ ಇಲ್ಲ. ಸುಮ್ನೆ ಒಂದು ಶೇಕಡಾವಾರು ಕಟ್ಟಿ ತಳ್ಳುವುದಕ್ಕಿಂತ ಅವು ಸಾಮಾನ್ಯದಲ್ಲೇ ಇರಲಿ ಅಂತ ಡಾಕ್ಟರಿಗೂ ಹೇಳಿದ್ದೇನೆ.